ಜನಮತಗಣನೆ: ಎಣಿಕೆಯೂ ಮನ್ನಣೆಯೂ

'ಜನಮತಗಣನೆ' ಎಂಬ ಸಮಾಸದಲ್ಲಿರುವ 'ಗಣನೆ' ಎಂಬ ಶಬ್ದಕ್ಕೆ ಎಣಿಕೆ ಎಂಬುದು ಒಂದರ್ಥ. ಮನ್ನಣೆ ಎಂಬುದು ಇನ್ನೊಂದರ್ಥ. ಮತಗಳ ಎಣಿಕೆ ಬೇಗನೆ ಮುಗಿಯುತ್ತದೆ. ಸೋತ ಪಕ್ಷದವರ ಮಾತಿಗೂ ಮನ್ನಣೆ ದೊರೆಯುವವರೆಗೆ ನಾಡಿನ ಅನಿಶ್ಚಿತತೆ ತೀರದು.

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ೧೯೯೫ರ ಅಕ್ಟೋಬರ್ ೩೦ರಂದು ಪ್ರತ್ಯೇಕತೆಯ ಪ್ರಶ್ನೆಯನ್ನು ಜನರ ಮುಂದಿಟ್ಟಾಗ ಶೇಕಡಾ ೫೦.೫೮ ಮತಗಳು ಬೇಡವೆಂದವು, ೪೯.೪೨ ಮತಗಳು ಬೇಕೆಂದವು. ಗೆದ್ದವರೂ ನಿಶ್ಚಿಂತರಾಗಲಿಲ್ಲ. ಪ್ರಶ್ನೆಯೂ ಬಹುಮತವೂ ಸ್ಪಷ್ಟವಾಗಿರಬೇಕು, ಅನಂತರ ಉಭಯರೂ ಕುಳಿತು ಮಾತನಾಡಬೇಕು ಎಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು ೧೯೯೮ರಲ್ಲಿ ಹೇಳಬೇಕಾಯಿತು.

ನಮಗೆ ಸಮೀಪದ ನಿದರ್ಶನ ಗೋವೆಯದು. ಅಲ್ಲಿ ೧೯೬೭ರ ಜನವರಿ ೧೬ರಂದು ಕೇಳಿದ್ದು ಸ್ವಾತಂತ್ರ್ಯದ ಪ್ರಶ್ನೆಯಲ್ಲ. ಮಹಾರಾಷ್ಟ್ರದಲ್ಲಿ ವಿಲೀನವೋ, ಕೇಂದ್ರಾಡಳಿತವೋ ಎಂಬುದು. ವಿಲೀನ ಪಕ್ಷವು ೩೪,೦೨೧ ಮತಗಳಿಂದ ಸೋತಿತು. ಆದರೂ ಅದೇ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ವಿಲೀನವಾದಿ ದಯಾನಂದ ಬಾಂದೋಡಕರರ ಪಕ್ಷವೇ ಅಧಿಕಾರಕ್ಕೆ ಮರಳಿತು. ಭಾಷೆಯ ಪ್ರಶ್ನೆಯೂ ಉಳಿಯಿತು. ಕೊಂಕಣಿಯು ರಾಜಭಾಷೆಯಾದದ್ದು, ಗೋವೆಯು ರಾಜ್ಯವಾದದ್ದು ೧೯೮೭ರಲ್ಲಿ, ಎಂದರೆ ಇಪ್ಪತ್ತು ವರ್ಷಗಳ ಮೇಲೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಇಂಥ ಮತಗಣನೆ ನಡೆಯಲೇ ಇಲ್ಲ. ೧೯೫೬ರ ನವೆಂಬರ್ ೧ರಂದು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದ ಬೆಳಗಾವಿ ಜಿಲ್ಲೆಯ ಗಡಿವಿವಾದವನ್ನು ೧೯೬೬ರಲ್ಲಿ ನ್ಯಾಯಮೂರ್ತಿ ಮೆಹರಚಂದ ಮಹಾಜನರ ಆಯೋಗಕ್ಕೆ ಒಪ್ಪಿಸಲಾಯಿತು. ೧೯೬೭ರ ಅದರ ವರದಿಯು ಬೆಳಗಾವಿ ನಗರ ಇಲ್ಲಿಯೇ ಉಳಿಯಲಿ, ನಿಪ್ಪಾಣಿಯನ್ನೊಳಗೊಂಡ ೨೬೪ ಗ್ರಾಮಗಳು ಮಹಾರಾಷ್ಟ್ರಕ್ಕೆ ಹೋಗಲಿ, ಆ ಕಡೆಯ ೨೪೭ ಗ್ರಾಮಗಳು ನಮಗೆ ಬರಲಿ ಎಂದಿತು. ನಮ್ಮ ರಾಜ್ಯ ಒಪ್ಪಿತು, ಮಹಾರಾಷ್ಟ್ರ ಒಪ್ಪಲಿಲ್ಲ. ವರದಿ ಜಾರಿಗೆ ಬರಲಿಲ್ಲ. ೨೦೦೪ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು.

ಇಲ್ಲಿ ಮತಪೆಟ್ಟಿಗೆಯನ್ನಿಟ್ಟಿದ್ದರೆ ವಿವಾದ ತೀರುತ್ತಿತ್ತೆ? ಗ್ರಾಮವನ್ನೇ ಘಟಕವಾಗಿಸಿ ಎಣಿಸಿದರೂ ಊರೂರಿನಲ್ಲಿ ಸೋತವರ ಓಣಿಯೊಂದು ಉಳಿಯುತ್ತಿತ್ತು. ನಿಪ್ಪಾಣಿಯ ಪೇಟೆಯ ವ್ಯವಹಾರ ಎರಡೂ ಭಾಷೆಗಳಲ್ಲಿ ನಡೆಯುತ್ತದೆ. ಅಥಣಿ, ಕಾಗವಾಡಗಳ ಬೀಗತನ ಮಿರಜ, ಜತ್ತಗಳವರೆಗೆ ಹಬ್ಬಿದೆ. ಗಡಿಯ ಈಚೆ ಮರಾಠಿ ಶಾಲೆಗಳುಂಟು. ಆಚೆ ಜತ್ತ, ಅಕ್ಕಲಕೋಟೆಗಳಲ್ಲಿ ಕನ್ನಡ ಶಾಲೆಗಳುಂಟು.

ಆದುದರಿಂದ ಗಡಿನಾಡಿನ ಅಧ್ಯಾಪಕರ ಹೊಣೆ ಹಿರಿದು. ಆಚೆಯ ಕನ್ನಡದ ಕೂಸಿಗೆ ಯಾವ ಮನ್ನಣೆಯನ್ನು ಬಯಸುತ್ತೇವೆಯೋ ಅದನ್ನೇ ಈಚೆಯ ಮರಾಠಿ ಕೂಸಿಗೆ ನಾವು ಸಲ್ಲಿಸಬೇಕು. ಕನ್ನಡವನ್ನು ಅಪ್ಪಣೆಯಂತೆ ಹೇರದೆ ಅದರ ಸೊತ್ತಾಗುವಂತೆ ಕಲಿಸಬೇಕು. ಮಠದ ದಾಸೋಹದಲ್ಲಿ ಪಂಕ್ತಿಗೆ ಕುಳಿತವನ ಮನೆಮಾತು ಯಾವುದೆಂದು ಕೇಳುವ ರೂಢಿಯಿಲ್ಲ. ಅಕ್ಷರ ದಾಸೋಹದಲ್ಲಿಯೂ ಅದೇ ರೂಢಿ ನಿಲ್ಲುವುದಾದರೆ, ತೀರ್ಪು ಎಂದು ಬಂದರೂ ಅದನ್ನು ಸಮಾಧಾನದಿಂದ ಕೇಳಬಲ್ಲ ಜನ ಇಲ್ಲಿರುವರು.