ಕಾಡುಪಾಪ: ನಿಧಾನಗತಿಯ ಪ್ರಾಣಿಗಳ ಹೆಸರು ಮತ್ತು ಮೌಲ್ಯನಿರ್ಣಯ

ಕನ್ನಡದಲ್ಲಿ ಕಾಡುಪಾಪವೆಂದು ಪ್ರಸಿದ್ಧವಾಗಿರುವ ನಿಶಾಚರ ಪ್ರಾಣಿಯು ದಕ್ಷಿಣ ಭಾರತ ಹಾಗೂ ಶ್ರೀಲಂಕೆಗಳಿಗೆ ಸೀಮಿತವಾದುದು. ಅಂಗೈಯಲ್ಲಿ ಹಿಡಿಸುವಷ್ಟು ಗಾತ್ರ, ಕಾಲು ಕಿಲೋ ಆಸುಪಾಸಿನ ತೂಕ, ಬಾಲವಿಲ್ಲದ ತೆಳುದೇಹ, ಮುಖವನ್ನೇ ತುಂಬಿರುವ ಎರಡು ದುಂಡು ಕಣ್ಣುಗಳು ಇದರ ಲಕ್ಷಣ. ಕೊಂಬೆಯಿಂದ ಕೊಂಬೆಗೆ ಅತಿ ನಿಧಾನವಾಗಿ, ಒಂದೊಂದೇ ಹಿಡಿತವನ್ನು ಬದಲಿಸುತ್ತ ಇದು ಸಾಗುತ್ತದೆ. ಇಂತಹ ಮಂದಗಾಮಿ ಜೀವಿಗಳಿಗೆ ಬೇರೆ ಬೇರೆ ಭಾಷೆಗಳು ಕೊಟ್ಟಿರುವ ಹೆಸರುಗಳಲ್ಲಿ ಅಡಗಿರುವ ಮೌಲ್ಯನಿರ್ಣಯವನ್ನು ಪರಿಶೀಲಿಸುವುದು, ಆ ನಿರ್ಣಯಗಳು ಅನುವಾದದ ಮೂಲಕ ಕನ್ನಡಕ್ಕೆ ಬರುವಾಗ ಆಗುವ ಪಲ್ಲಟವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ 'ಪಾಪ' ಎಂಬ ಪದ. ಕನ್ನಡದಲ್ಲಿ ಒಂದೇ ಉಚ್ಚಾರಣೆಯ ಎರಡು ಭಿನ್ನ ಶಬ್ದಗಳಿವೆ. ಸಂಸ್ಕೃತದಿಂದ ಬಂದ ಪಾಪವು ಪುಣ್ಯಕ್ಕೆ ವಿರುದ್ಧವಾದುದು. 'ಅಯ್ಯೋ ಪಾಪ' ಎಂಬ ಮರುಕದ ಉದ್ಗಾರವೂ ಇದರ ಕವಲೇ ಇರಬೇಕು. ಮತ್ತೊಂದು ಪಾಪವು ಎಳೆಯ ಕೂಸು. ಇದು ದ್ರಾವಿಡ ಮೂಲದ್ದು. ತಮಿಳಿನ 'ಪಾಪ್ಪಾ', ತೆಲುಗಿನ 'ಪಾಪ', ನಮ್ಮ 'ಪಾಪು' ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಕಣ್ಣಿನ 'ಪಾಪೆ'ಯೂ ಈ ಕುಟುಂಬಕ್ಕೇ ಸೇರಿದ್ದು. ತೆಲುಗಿನಲ್ಲಿ ಅದು 'ಕಂಟಿಪಾಪ'. ಎದುರಿನವರ ಕಣ್ಣೊಳಗೆ ನಮ್ಮದೇ ಪುಟ್ಟ ಪ್ರತಿಬಿಂಬ ಕಾಣುವುದರಿಂದ ಈ ಅರ್ಥ ಮೂಡಿರಬೇಕು. ಸಂಸ್ಕೃತದ 'ಕನೀನಿಕಾ', ಲ್ಯಾಟಿನ್‌ನ 'ಪುಪಿಲ್ಲ' ಇವೆರಡಕ್ಕೂ ಹುಡುಗಿ, ಕಣ್ಣಿನ ಪಾಪೆ ಎಂಬ ಅರ್ಥಗಳಿರುವುದನ್ನು ನೋಡಿದರೆ ಈ ಕಲ್ಪನೆಯು ನಮಗಷ್ಟೇ ಸೀಮಿತವಲ್ಲವೆಂಬುದು ವಿದಿತವಾಗುತ್ತದೆ.

ಕಾಡುಪಾಪವು ಈ ಎರಡನೆಯ ಪಾಪ, ಅರ್ಥಾತ್ ಕಾಡಿನ ಕೂಸು. ಬೆರಳು ಕೊಟ್ಟರೆ ಬಿಡದೆ ಹಿಡಿಯುವ ಹಸುಗೂಸಿನ ಮುಷ್ಟಿಗೂ ಕೊಂಬೆಯನ್ನು ಗಂಟೆಗಟ್ಟಲೆ ಹಿಡಿದಿರಬಲ್ಲ ಇದರ ಕೈಗೂ ಇರುವ ಹೋಲಿಕೆ, ಅಗಲವಾದ ಕಣ್ಣು, ತೊದಲು ನಡೆ ಇವು ಹೆಸರಿಗೆ ಕಾರಣವಾಗಿರಬಹುದೆಂದು ನನ್ನ ಊಹೆ. ಹೆಸರಿಟ್ಟವರು ನಿಧಾನವನ್ನು ಕಂಡರು. ಆದರೆ ಅದನ್ನು ದೋಷವೆಂದು ಎಣಿಸಲಿಲ್ಲ.

ಯುರೋಪಿನ ಭಾಷೆಗಳಲ್ಲಿ ಇದಕ್ಕೆ ವ್ಯತಿರಿಕ್ತವಾದ ಚಿತ್ರವಿದೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮರಗಳಲ್ಲಿ ತಲೆಕೆಳಗಾಗಿ ತೂಗುವ ಪ್ರಾಣಿಯನ್ನು ಪೋರ್ಚುಗೀಸರು, ಸ್ಪ್ಯಾನಿಷರು 'ಸೋಮಾರಿ' ಎಂದೇ ಕರೆದರು. ಇಂಗ್ಲಿಷಿನ 'ಸ್ಲಾತ್' ಎಂಬುದು 'ನಿಧಾನ' ಎಂಬ ವಿಶೇಷಣದಿಂದ ಹುಟ್ಟಿ, ಕ್ರೈಸ್ತ ಧರ್ಮದ ಏಳು ಮಹಾಪಾಪಗಳಲ್ಲಿ ಒಂದಾದ ಆಲಸ್ಯಕ್ಕೆ ಹೆಸರಾಗಿ, ಹದಿನೇಳನೆಯ ಶತಮಾನದಲ್ಲಿ ಪ್ರಾಣಿಯ ಮೈಗೆ ಅಂಟಿಕೊಂಡಿತು. ನಮ್ಮ ಪ್ರಾಣಿ ಪಾಪವಲ್ಲದ 'ಪಾಪ'; ಅವರದು ನಿಜಕ್ಕೂ ಪಾಪವೇ! ಲಿನೇಯಸ್ 1758ರಲ್ಲಿ ಸ್ಲಾತ್‌ಗೆ ಗ್ರೀಕಿನಲ್ಲಿ ಮಂದಪಾದಿ ಎಂಬರ್ಥದ 'ಬ್ರಾಡಿಪಸ್' ಎಂದೂ ಅದೇ ಗ್ರಂಥದಲ್ಲಿ ಶ್ರೀಲಂಕೆಯ ಕಾಡುಪಾಪಕ್ಕೆ ಲ್ಯಾಟಿನ್‌ನಲ್ಲಿ ಮಂದಗಾಮಿ ಎಂಬರ್ಥದ 'ಟಾರ್ಡಿಗ್ರೇಡಸ್' ಎಂದೂ ಹೆಸರಿಟ್ಟನು. ಇವು ವರ್ಣನೆಗಳು, ತೀರ್ಪುಗಳಲ್ಲ. ಫ್ರಾನ್ಸಿನ ಬುಫಾನ್ ಮಾತ್ರ 1765ರಲ್ಲಿ ಸ್ಲಾತ್‌ಗಳ ಬಗ್ಗೆ ಬರೆಯುತ್ತ, ಇನ್ನೊಂದೇ ಒಂದು ಕೊರತೆ ಸೇರಿದ್ದರೆ ಅವು ಬದುಕಿರುವುದೇ ಅಸಾಧ್ಯವಾಗುತ್ತಿತ್ತೆಂಬ ಅಭಿಪ್ರಾಯವನ್ನಿತ್ತನು. ಅವನಿಂದ ಬಳಕೆಗೆ ಬಂದ 'ಲೋರಿಸ್' ಎಂಬ ಹೆಸರು ಕೂಡ ಪೆದ್ದ, ಕೋಡಂಗಿ ಎಂಬರ್ಥದ ಡಚ್ ಪದದಿಂದ ಬಂದಿರಬಹುದೆಂದು ನಿಘಂಟುಕಾರರು ಹೇಳುತ್ತಾರೆ.

ಈ ತೀರ್ಪು ನಮ್ಮ ಕರಡಿಯ ಮೇಲೂ ಬಿದ್ದಿತು. 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞನು ಭಾರತದ ಕರಡಿಯನ್ನು ಅದರ ಉದ್ದ ಉಗುರು, ಮುಂಭಾಗದ ಎರಡು ಮೇಲ್ಹಲ್ಲುಗಳ ಕೊರತೆ ಇವುಗಳ ಆಧಾರದಿಂದ ಸ್ಲಾತ್‌ಗಳ ಗುಂಪಿಗೆ ಸೇರಿಸಿದನು. ತಪ್ಪು ಬೇಗನೆ ತಿದ್ದಲ್ಪಟ್ಟರೂ ಇಂಗ್ಲಿಷಿನಲ್ಲಿ 'ಸ್ಲಾತ್ ಕರಡಿ' ಎಂಬ ಹೆಸರು ಉಳಿಯಿತು. ಅದನ್ನು 'ಸೋಮಾರಿ ಕರಡಿ' ಎಂದು ಕನ್ನಡಿಸುವ ಬರಹಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಹುತ್ತವನ್ನು ಬಗೆದು ಗೆದ್ದಲು ಹೀರುವ, ಮನುಷ್ಯನನ್ನು ಓಡಿ ಹಿಡಿಯಬಲ್ಲ ಪ್ರಾಣಿಗೆ ಈ ಬಿರುದು! ಬಳ್ಳಾರಿ ಸೀಮೆಯಲ್ಲಿ 1994ರಲ್ಲಿ ಘೋಷಿತವಾದ ಅಭಯಾರಣ್ಯವು ಇಂಗ್ಲಿಷಿನಲ್ಲಿ ಸ್ಲಾತ್ ಪದವನ್ನು ಹೊತ್ತಿದ್ದರೂ ಕನ್ನಡದಲ್ಲಿ ಸರಳವಾಗಿ 'ದರೋಜಿ ಕರಡಿಧಾಮ'. ಜನಬಳಕೆಯು ಇಲ್ಲಿ ಅನುವಾದಕರಿಗಿಂತ ಹೆಚ್ಚು ವಿವೇಕವನ್ನು ತೋರಿದೆ.

ಹಾಗೆಂದು ನಮ್ಮ ಪರಂಪರೆಯು ನಿಧಾನವನ್ನು ಸದಾ ಗೌರವಿಸಿತೆಂದು ಹೇಳಲಾಗದು. 'ಮಂದ' ಎಂಬ ಪದವು ಗಮನಕ್ಕೆ ಸೇರಿದಾಗ ಚೆಲುವಾಗುತ್ತದೆ, ಬುದ್ಧಿಗೆ ಸೇರಿದಾಗ ನಿಂದೆಯಾಗುತ್ತದೆ. ಮೆಲ್ಲನೆ ಚಲಿಸುವವನೆಂಬ ಕಾರಣಕ್ಕೆ ಶನೈಶ್ಚರನಾದ ಗ್ರಹವು ಭೀತಿಯ ಗ್ರಹವೂ ಹೌದು. 'ಆಮೆಗತಿ' ಎಂಬುದು ಕಾಮಗಾರಿಗಳ ವರದಿಯಲ್ಲಿ ಬೈಗುಳವಾಗಿದೆ. ಇನ್ನು 'ನಿಧಾನ' ಪದದ ಚರಿತ್ರೆಯೇ ಕುತೂಹಲಕರ. ಸಂಸ್ಕೃತದಲ್ಲಿ ಅದು ಇಡುವಿಕೆ, ನಿಧಿ. ಕನ್ನಡದಲ್ಲಿ ತಾಳ್ಮೆಯೆಂದೂ ಸಾವಕಾಶವೆಂದೂ ಅರ್ಥಾಂತರ ಹೊಂದಿತು. 'ನಿಧಾನವೇ ಪ್ರಧಾನ' ಎಂದು ಲಾರಿಗಳ ಹಿಂಬದಿಯಲ್ಲಿ ಬರೆಸುವವರು ಈ ನಿಧಿಯನ್ನು ಎಷ್ಟರಮಟ್ಟಿಗೆ ಕಾಪಾಡುತ್ತಾರೆಂಬುದು ಬೇರೆ ಮಾತು.

ಜೀವಶಾಸ್ತ್ರದ ದೃಷ್ಟಿಯಿಂದ ಕಾಡುಪಾಪದ ನಿಧಾನವು ಒಂದು ಬದುಕುವ ವಿದ್ಯೆ. ಎಲೆ ಅಲುಗದಂತೆ ಸಾಗಿ ಶತ್ರುವಿನ ಕಣ್ಣು ತಪ್ಪಿಸುವುದು, ಕೀಟದ ಸಮೀಪಕ್ಕೆ ಸದ್ದಿಲ್ಲದೆ ಬಂದು ಥಟ್ಟನೆ ಕೈಚಾಚಿ ಹಿಡಿಯುವುದು ಇದರ ಕ್ರಮ. ಸೋಮಾರಿಗೆ ನಾವು ಬಳಸುವ 'ಮೈಗಳ್ಳ' ಎಂಬ ಪದವನ್ನು ಅಕ್ಷರಶಃ ತೆಗೆದುಕೊಂಡರೆ ಇದಕ್ಕೆ ಒಪ್ಪೀತು: ಮೈಯನ್ನು ಮರೆಸುವುದೇ ಇದರ ಕಸುಬು.

ಇದಕ್ಕೆ ಪ್ರತಿಯಾಗಿ ಒಂದು ಬೆಲೆಯಿದೆ: ಕಾಡುಪಾಪವು ಜಿಗಿಯಲಾರದು. ಎರಡು ಮರಗಳ ಕೊಂಬೆಗಳು ಪರಸ್ಪರ ತಾಕುತ್ತಿದ್ದರೆ ಮಾತ್ರ ಅದಕ್ಕೆ ದಾರಿ. ಬೆಂಗಳೂರಿನ ಉತ್ತರ ಭಾಗದಲ್ಲಿ ಈ ಸಂಗತಿಯು ನಿರ್ಣಾಯಕವಾಗುತ್ತದೆ. ಯಶವಂತಪುರಕ್ಕೆ ಹೊಂದಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಸುಮಾರು 400 ಎಕರೆ ಆವರಣದಲ್ಲಿ, ಹೆಬ್ಬಾಳದಾಚೆ ಯಲಹಂಕದ ಹಾದಿಯಲ್ಲಿರುವ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಕಾಡುಪಾಪಗಳು ಕಂಡುಬಂದಿವೆ. 2014ರಲ್ಲಿ ಆರಂಭವಾದ ನಗರ ಕಾಡುಪಾಪ ಯೋಜನೆಯು ನಾಗರಿಕರನ್ನೇ ಜೊತೆಗೂಡಿಸಿಕೊಂಡು ರಾತ್ರಿ ಸಮೀಕ್ಷೆ ನಡೆಸಿತು. ಕೆಂಪು ಬೆಳಕಿನಲ್ಲಿ ಹೊಳೆಯುವ ಜೋಡಿ ಕಣ್ಣುಗಳೇ ಇಲ್ಲಿ ಗುರುತು. ಈ ಎರಡು ಆವರಣಗಳ ನಡುವೆ ಮೇಖ್ರಿ ವೃತ್ತವಿದೆ, ಹೆಬ್ಬಾಳದ ಮೇಲ್ಸೇತುವೆಯಿದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಆಸುಪಾಸಿನ ವರ್ಷಗಳಲ್ಲಿ ಅಗಲಗೊಂಡ, ಸಾಲುಮರಗಳನ್ನು ಕಳೆದುಕೊಂಡ ಬಳ್ಳಾರಿ ರಸ್ತೆಯಿದೆ. ವಾಹನಕ್ಕೆ ಕೆಲವೇ ನಿಮಿಷಗಳ ಈ ಅಂತರವು ಕಾಡುಪಾಪದ ಪಾಲಿಗೆ ದಾಟಲಾಗದ ಕಡಲು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯ ರಕ್ಷಣೆ ಇದಕ್ಕಿದ್ದರೂ, ವಾಮಾಚಾರಕ್ಕಾಗಿ ಹಿಡಿದು ಹಿಂಸಿಸಿದ ಪ್ರಕರಣಗಳು ಕರ್ನಾಟಕದಲ್ಲಿ ವರದಿಯಾಗಿವೆ. ಇದರ ಕಣ್ಣಿನಿಂದ ನೇತ್ರರೋಗಕ್ಕೆ ಮದ್ದು ಮಾಡಬಹುದೆಂಬ ನಂಬಿಕೆಯೂ ದಕ್ಷಿಣ ಭಾರತದಲ್ಲಿ ದಾಖಲಾಗಿದೆ. ಕೂಸೆಂದು ಕರೆದ ಜನಪದವೇ ಪಾಪೆಗಾಗಿ ಅದನ್ನು ಹಿಡಿದುದು ಈ ಹೆಸರಿನ ಚರಿತ್ರೆಯ ಕಹಿ ಭಾಗ. ಹೆಸರಿನ ಅಕ್ಕರೆಯನ್ನು ಕೊಂಡಾಡುವವರು ಇದನ್ನು ಮರೆಮಾಚಬಾರದು.

ಪಾರಿಭಾಷಿಕ ಪದಗಳನ್ನು ರೂಪಿಸುವವರಿಗೆ ಒಂದು ಸೂಚನೆ. ಅಮೆರಿಕದ ಪ್ರಾಣಿಯನ್ನು ಕನ್ನಡದಲ್ಲಿ 'ಸ್ಲಾತ್' ಎಂದೇ ಉಳಿಸಿಕೊಳ್ಳಬಹುದು. ಅನುವಾದ ಬೇಕೇ ಬೇಕಾದರೆ ಲಿನೇಯಸನ ಜಾಡಿನಲ್ಲಿ 'ಮಂದಪಾದಿ' ಎನ್ನಬಹುದು. ಕರಡಿಗೆ ಯಾವ ವಿಶೇಷಣವೂ ಬೇಡ. ಕಾಡುಪಾಪಕ್ಕೆ ಯಲಹಂಕ, ದೇವನಹಳ್ಳಿ, ತುಮಕೂರು ಸೀಮೆಗಳ ಹಳ್ಳಿಗಳಲ್ಲಿ ಬೇರೆ ಹೆಸರುಗಳೇನಾದರೂ ಇವೆಯೇ ಎಂಬುದನ್ನು ತೋಪು, ಬೇಲಿಸಾಲುಗಳ ಒಡನಾಟವಿರುವ ಹಿರಿಯರಿಂದ ಈಗಲೇ ಕೇಳಿ ದಾಖಲಿಸಬೇಕು.