ಮೊದಲ ತಟ್ಟೆಯನ್ನು ಕೇಳುವ ಬಗೆ



ಹೆಸರಾದ ಕಲಾವಿದರ ಒಳ್ಳೆಯ ಕೃತಿಗಳನ್ನು ಎಲ್ಲರೂ ಕೇಳುತ್ತಾರೆ. ಅವರ ಕೈ ಇನ್ನೂ ಪಳಗದಿದ್ದ ಕಾಲದ ಕೃತಿಯನ್ನು ಕೇಳುವುದೂ ಒಂದು ಪಾಠವೇ. ಇಂದು ಇಂಗ್ಲಂಡಿನ ‘ಜೆನೆಸಿಸ್’ ಎಂಬ ರಾಕ್ ಮೇಳದ ಮೊದಲ ತಟ್ಟೆಯನ್ನು ನೋಡೋಣ. ನಾನು ಗಿರಣಿಯ ಕಾರಕೂನ, ಸಂಗೀತ ಪಂಡಿತನಲ್ಲ. ರಾಕ್ ಎಂದರೆ ಬರೀ ಗದ್ದಲವೆಂದು ಬಹುಕಾಲ ನಂಬಿದ್ದವನು.

ಮೇಳ ಹುಟ್ಟಿದ್ದು 1967ರಲ್ಲಿ, ಚಾರ್ಟರ್‌ಹೌಸ್ ಎಂಬ ಶಾಲೆಯಲ್ಲಿ. ಪೀಟರ್ ಗೇಬ್ರಿಯಲ್ ಹಾಡುಗಾರ. ಟೋನಿ ಬ್ಯಾಂಕ್ಸ್ ಪಿಯಾನೋ ಮತ್ತು ಆರ್ಗನ್ ನುಡಿಸುವವನು. ಮೈಕ್ ರುದರ್‌ಫರ್ಡ್ ಮತ್ತು ಆಂತೊನಿ ಫಿಲಿಪ್ಸ್ ಗಿಟಾರಿನವರು. ಅದೇ ಶಾಲೆಯ ಹಳೆಯ ವಿದ್ಯಾರ್ಥಿ, ನಿರ್ಮಾಪಕ ಜೊನಾಥನ್ ಕಿಂಗ್ ಇವರನ್ನು ಮೆಚ್ಚಿ, ಹೆಸರನ್ನೂ ತಾನೇ ಇಟ್ಟ. ಮೊದಲ ಕರಾರು ಐದು ವರ್ಷದ್ದು. ಹುಡುಗರು ಅಪ್ರಾಪ್ತರು, ತಂದೆತಾಯಿಗಳು ನಡುವೆ ಬಂದು ಅದನ್ನು ಒಂದು ವರ್ಷಕ್ಕೆ ಇಳಿಸಿದರು. ಇದನ್ನು ಓದಿದಾಗ ನನಗೆ ನಿಟ್ಟುಸಿರು ಬಂತು. ಕಾಗದವನ್ನು ಪೂರ್ತಿ ಓದದೆ ರುಜು ಹಾಕುವವರನ್ನು ದಿನವೂ ನೋಡುತ್ತೇನೆ.

ಹುಡುಗರು ತಮಗೆ ತೋಚಿದಂತೆ ಉದ್ದನೆಯ, ತೊಡಕಿನ ಹಾಡುಗಳನ್ನು ಕಟ್ಟಿದರೆ ಕಿಂಗ್‌ಗೆ ಹಿಡಿಸುತ್ತಿರಲಿಲ್ಲ. ಅವನಿಗೆ ಬೀ ಜೀಸ್ ಮೇಳವೆಂದರೆ ಪ್ರೀತಿ. ಅವನನ್ನು ಒಲಿಸಲೆಂದೇ ಆ ಧಾಟಿಯಲ್ಲಿ ಕಟ್ಟಿದ ‘ದಿ ಸೈಲೆಂಟ್ ಸನ್’ 1968ರಲ್ಲಿ ಹೊರಬಂತು, ಓಡಲಿಲ್ಲ. ಅದೇ ಆಗಸ್ಟಿನ ರಜೆಯಲ್ಲಿ ಲಂಡನ್ನಿನಲ್ಲಿ ತಟ್ಟೆಯ ಮುದ್ರಣವಾಯಿತು: ಹದಿಮೂರು ಚಿಕ್ಕ ಹಾಡುಗಳು. ಆಮೇಲೆ ಅವುಗಳ ಮೇಲೆ ಪಿಟೀಲು, ತುತ್ತೂರಿಗಳ ಮೇಳವನ್ನು ಸೇರಿಸಿದರು. ಕೇಳಿದ ಫಿಲಿಪ್ಸ್ ಸಿಟ್ಟಾದ.

ಇಲ್ಲಿಯೇ ನಮ್ಮ ಪಾಠ. ಸ್ಟೀರಿಯೋ ಪ್ರತಿಯಲ್ಲಿ ಹುಡುಗರ ವಾದನ ಒಂದು ಕಡೆಗೆ, ಪಿಟೀಲುಗಳು ಇನ್ನೊಂದು ಕಡೆಗೆ ಬಿದ್ದಿವೆ. ಕಿವಿಗೆ ಹಾಕುವ ಯಂತ್ರದ ಒಂದು ಬದಿಯನ್ನು ತೆಗೆದು ಕೇಳಿರಿ, ಬಳಿಕ ಇನ್ನೊಂದನ್ನು. ಒಂದರಲ್ಲಿ ಬೇರೆಯವರು ತೊಡಿಸಿದ ಅಂಗಿ. ಇನ್ನೊಂದರಲ್ಲಿ ಅಳುಕುವ ಗಿಟಾರು, ಸರಳ ಪಿಯಾನೋ, ಗೇಬ್ರಿಯಲ್ಲನ ತುಸು ಒರಟು ದನಿ. ಮುಂದೆ ಬೆಳೆದದ್ದು ಈ ಎರಡನೆಯದೇ.

1969ರ ಮಾರ್ಚಿನಲ್ಲಿ ಡೆಕ್ಕಾ ಕಂಪನಿ ಅದನ್ನು ಹೊರತಂದಿತು. ಹೆಸರು ‘ಫ್ರಂ ಜೆನೆಸಿಸ್ ಟು ರೆವೆಲೇಷನ್’, ಎಂದರೆ ಬೈಬಲ್ಲಿನ ಆದಿಕಾಂಡದಿಂದ ಪ್ರಕಟನೆಯವರೆಗೆ. ಕರಿಯ ಹೊದಿಕೆ, ಬಂಗಾರದ ಅಕ್ಷರ. ಅಂಗಡಿಯವರು ಧಾರ್ಮಿಕ ತಟ್ಟೆಯೆಂದು ಆ ಕಪಾಟಿನಲ್ಲಿಟ್ಟರು! ಮಾರಿದ್ದು ಸುಮಾರು 650 ಎಂದು ಹೇಳುತ್ತಾರೆ.

ಬಳಿಕ ಅವರು ಒಂದು ಹಳ್ಳಿಮನೆಯಲ್ಲಿ ಕೆಲವು ತಿಂಗಳು ಒಟ್ಟಿಗಿದ್ದು ಅಭ್ಯಾಸ ಮಾಡಿದರು. 1970ರ ‘ಟ್ರೆಸ್‌ಪಾಸ್’ ತಟ್ಟೆಯಲ್ಲಿ ಆರೇ ಹಾಡು. ಕೊನೆಯ ‘ದಿ ನೈಫ್’ ಸುಮಾರು ಒಂಬತ್ತು ನಿಮಿಷದ್ದು. ಹಿಂಸೆಯ ಕ್ರಾಂತಿ ಸರ್ವಾಧಿಕಾರಿಯನ್ನೇ ತರುತ್ತದೆಂಬುದು ಅದರ ವಸ್ತು. ಗಾಂಧೀಜಿಯವರ ಬಗೆಗಿನ ಪುಸ್ತಕವೊಂದನ್ನು ಓದಿದ ಪ್ರಭಾವದಿಂದ ಗೇಬ್ರಿಯಲ್ ಅದನ್ನು ಬರೆದ.

ಮೊದಲ ತಟ್ಟೆಯ ಹಕ್ಕು ಮಾತ್ರ ಕಿಂಗ್ ಕೈಯಲ್ಲೇ ಉಳಿಯಿತು. ಅದೇ ಹಾಡುಗಳು ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬಂದಿವೆ. ಕೊಳ್ಳುವವರು ಹಾಡುಗಳ ಪಟ್ಟಿಯನ್ನು ಮೊದಲು ನೋಡಿಕೊಳ್ಳಿರಿ.