ಅರಿವಳಿಕೆಯೂ ಮೂತ್ರಪಿಂಡದ ಕಸಿಯೂ

'ಅರಿವು' ಎಂಬುದಕ್ಕೆ 'ಅಳಿಕೆ' ಪರವಾದಾಗ ಉಕಾರವು ಲೋಪವಾಗಿ 'ಅರಿವಳಿಕೆ' ಎಂಬ ಪದ ಸಿದ್ಧಿಸುತ್ತದೆ. ಅರಿವನ್ನೇ ಗುರುವೆಂದು ಬಗೆದ ಶರಣಪರಂಪರೆಯವರಾದ ನಮಗೆ ಈ ಪದ ತುಸು ಅಳುಕನ್ನು ತಂದರೆ ಅಚ್ಚರಿಯಿಲ್ಲ. ಆದರೆ ರೋಗಿಯ ಅರಿವು ಅಳಿದಿರುವಾಗ ವೈದ್ಯನ ಅರಿವು ಇಮ್ಮಡಿಯಾಗಿ ಎಚ್ಚೆತ್ತಿರಬೇಕೆಂಬುದೇ ಈ ಶಾಸ್ತ್ರದ ಸಾರ. ಮೂತ್ರಪಿಂಡದ ಕಸಿಯಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ.

'ಕಸಿ' ಎಂಬುದು ತೋಟಗಾರರ ಮಾತು. ಲಾಲ್‌ಬಾಗಿನಲ್ಲಿ ಕಸಿ ಮಾವಿನ ಸಸಿಯನ್ನು ಕೊಂಡವರು ಬಲ್ಲರು: ಕಡ್ಡಿ ಒಳ್ಳೆಯದಾದರೆ ಸಾಲದು, ಬೆಸುಗೆ ಕೂಡುವವರೆಗೆ ಅದು ಒಣಗದಂತೆ ಕಾಯಬೇಕು. ದಾನಿಯಿಂದ ಬಂದ ಮೂತ್ರಪಿಂಡಕ್ಕೂ ರೋಗಿಯ ರಕ್ತನಾಳಗಳೊಡನೆ ಕೂಡುವವರೆಗೆ ರಕ್ತವಿಲ್ಲ. ರಕ್ತವು ಮರಳಿ ಹರಿಯುವ ಗಳಿಗೆಯಲ್ಲಿ ಒತ್ತಡ ಕುಸಿದರೆ ಅದು ಮಂಕಾಗಿ, ಕೆಲವು ದಿನ ಡಯಾಲಿಸಿಸ್ ಮುಂದುವರಿಸಬೇಕಾದೀತು. ಅರಿವಳಿಕೆಯ ಮದ್ದುಗಳಲ್ಲಿ ಹಲವು ರಕ್ತದೊತ್ತಡವನ್ನು ತಗ್ಗಿಸುವಂಥವು. ಆದುದರಿಂದ ಒತ್ತಡವನ್ನು ಕಾಯುವುದೇ ಅರಿವಳಿಕೆ ತಜ್ಞರ ಮೊದಲ ಕಾಯಕ.

ಎರಡನೆಯದು ಮದ್ದಿನ ಆಯ್ಕೆ. ಮೂತ್ರದೊಡನೆ ಹೊರಹೋಗಬೇಕಾದ ಮದ್ದು ಇಂಥ ರೋಗಿಯಲ್ಲಿ ಉಳಿದುಬಿಡುತ್ತದೆ. ಮಾರ್ಫಿನ್ ಮಾರ್ಪಟ್ಟು ಉಂಟಾಗುವ ವಸ್ತು ದೇಹದಲ್ಲಿ ಕೂಡಿಕೊಂಡು ಉಸಿರಾಟವನ್ನು ಕುಗ್ಗಿಸಬಲ್ಲದು. ಅದಕ್ಕಿಂತ ಫೆಂಟನಿಲ್ ಮೇಲು. ಸ್ನಾಯುಗಳನ್ನು ಸಡಿಲಿಸಲು, ಮೂತ್ರಪಿಂಡದ ನೆರವಿಲ್ಲದೆ ಒಡೆದುಹೋಗುವ ಸಿಸ್‌ಅಟ್ರಾಕ್ಯೂರಿಯಂ ಅನುಕೂಲವಾದುದು. ನಿದ್ರೆಗೆ ಉಸಿರಿನೊಡನೆ ಕೊಡುವ ಸೆವೋಫ್ಲೂರೇನ್ ಮೇಲೋ, ರಕ್ತನಾಳಕ್ಕೆ ಕೊಡುವ ಪ್ರೊಪೊಫಾಲ್ ಮೇಲೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ, ಎರಡೂ ಬಳಕೆಯಲ್ಲಿವೆ.

ಮೂರನೆಯದು ರಕ್ತನಾಳಕ್ಕೆ ಹನಿಸುವ ದ್ರವ. ಮೃತ ದಾನಿಗಳ ಮೂತ್ರಪಿಂಡವನ್ನು ಪಡೆದ ಸುಮಾರು 800 ಮಂದಿಯ ಮೇಲೆ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡುಗಳಲ್ಲಿ ನಡೆದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಸಾಮಾನ್ಯ ಸಲೈನ್ ಪಡೆದವರಲ್ಲಿ ಶೇ. 40 ಮಂದಿಗೆ ಮೊದಲ ವಾರದಲ್ಲಿ ಡಯಾಲಿಸಿಸ್ ಬೇಕಾಯಿತು. ರಕ್ತದ ಲವಣಗಳಿಗೆ ಹೊಂದುವ ಸಮತೋಲ ದ್ರವವನ್ನು ಪಡೆದವರಲ್ಲಿ ಶೇ. 30 ಮಂದಿಗೆ ಮಾತ್ರ. ಹನಿಯ ಆಯ್ಕೆಯೂ ಅಲ್ಪವಲ್ಲ!

ನಮ್ಮ ನಗರದ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆಯಿದೆ. ಮೃತರ ಅಂಗದಾನದ ವ್ಯವಸ್ಥೆಯನ್ನು ರಾಜ್ಯದಲ್ಲಿ 'ಜೀವಸಾರ್ಥಕತೆ' ಸಂಸ್ಥೆ ನೋಡಿಕೊಳ್ಳುತ್ತದೆ. ಅಂಗದಾನವೂ ಒಂದು ದಾಸೋಹವೇ. ದಾಸೋಹದಲ್ಲಿ ಧಾನ್ಯ ನೀಡಿದವರಂತೆ, ಚೆಲ್ಲದೆ ಬಡಿಸುವವರೂ ಪೂಜ್ಯರು. ಆ ಬಡಿಸುವ ಕೈಗೆ ನೆರವಾಗುವುದು ಮನೆಯವರ ಹೊಣೆ: ಕೊನೆಯ ಡಯಾಲಿಸಿಸ್ ಎಂದಾಯಿತು, ಯಾವ ಮಾತ್ರೆಗಳು ನಡೆದಿವೆ, ಹಿಂದೆ ಅರಿವಳಿಕೆಯಿಂದ ತೊಂದರೆಯಾಗಿತ್ತೆ ಎಂಬುದನ್ನು ಕೇಳುವ ಮುನ್ನವೇ ತಜ್ಞರಿಗೆ ಅರುಹಬೇಕು. ದಾನಿ ಕೊಟ್ಟುದು ವ್ಯರ್ಥವಾಗದಿರಲಿ.